ಹೊಟ್ಟೆ ಕುಣಿತ ಮತ್ತು ಎದೆ ಬಡಿತ

ಹೊಟ್ಟೆ ಕುಣಿಸಿದರೆ ಹೃದಯಕ್ಕೆ ಒಳ್ಳೆಯದೋ ಅಲ್ಲವೋ ಎಂಬ ವಿಷಯಕ್ಕೆ ನಾನು ಇಡೀ ಒಂದು ಚಳಿಗಾಲ ತಲೆ ಕೆಡಿಸಿಕೊಂಡೆ. ಅರವತ್ತಾರು ವರ್ಷದ ಹೆಂಗಸು ತಲೆ ಕೆಡಿಸಿಕೊಳ್ಳುವ ವಿಷಯವಲ್ಲ ಇದು. ಆದರೆ ಮಗಳ ಮನೆಯಲ್ಲಿ ಬೇರೆ ಯಾರೂ ಕೆಡಿಸಿಕೊಳ್ಳುವ ಹಾಗೆ ಕಾಣಲಿಲ್ಲ.

ನಾನು ಓದಿದವಳಲ್ಲ. ಮಂಡ್ಯದ ಕಡೆಯ ಒಂದು ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಆಯಾ ಆಗಿದ್ದೆ. ನೆಲ ಒರೆಸುವುದು, ರಕ್ತದ ಬಟ್ಟೆ ಒಗೆಯುವುದು, ಬಾಣಂತಿಯರನ್ನು ಎತ್ತಿ ಕೂರಿಸುವುದು ನನ್ನ ಕೆಲಸ. ನರ್ಸುಗಳು ಕಡಿಮೆ ಇದ್ದರು, ಬಾಣಂತಿಯರು ನೆಲದ ಮೇಲೂ ಮಲಗಿರುತ್ತಿದ್ದರು. ಹಾಗಾಗಿ ಹಿರಿಯ ಸಿಸ್ಟರ್ ಒಬ್ಬರು ನಾಡಿ ಎಣಿಸುವುದನ್ನು ನನಗೂ ಕಲಿಸಿದರು. ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ಕಾಲು ಸುತ್ತು ಬರುವ ತನಕ ಎಣಿಸು. ಬಂದದ್ದನ್ನು ಎರಡರಷ್ಟು ಮಾಡು, ಅದನ್ನು ಮತ್ತೆ ಎರಡರಷ್ಟು ಮಾಡು. ನನಗೆ ಬರುವ ವಿದ್ಯೆ ಅಷ್ಟೇ. "ಹುಷಾರಾಗಿದೀನಿ ಕಣಕ್ಕ" ಎಂದು ನಗುತ್ತಾ ಹೇಳಿದ ಎಷ್ಟೋ ಹುಡುಗಿಯರ ಮಣಿಕಟ್ಟು ಬೇರೆ ಮಾತು ಹೇಳಿದ್ದನ್ನು ಕಂಡಿದ್ದೇನೆ. ಆದ್ದರಿಂದ ನಾನು ಬಾಯಿ ಮಾತು ನಂಬುವುದಿಲ್ಲ.

ಎರಡು ಸಾವಿರ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಮಗಳ ಮನೆಯಲ್ಲಿ ಆರು ತಿಂಗಳು ಇರಲು ಹೋಗಿದ್ದೆ. ಅವಳ ಆಫೀಸು ಡೆಟ್ರಾಯಿಟ್ ಪಕ್ಕದ ಸೌತ್‌ಫೀಲ್ಡ್‌ನಲ್ಲಿ. ಕಂಪ್ಯೂಟರಿನ ಮುಂದೆ ಬೆಳಿಗ್ಗೆ ಕೂತರೆ ಸಂಜೆ ಏಳುವ ಕೆಲಸ. ಅಳಿಯ ಸೋಮವಾರ ಬೆಳಿಗ್ಗೆ ಬೇರೆ ರಾಜ್ಯದ ಬೋಲಿಂಗ್‌ಬ್ರೂಕ್‌ಗೆ ಪ್ರಾಜೆಕ್ಟಿಗೆಂದು ಹೋದರೆ ಶುಕ್ರವಾರ ಬರುತ್ತಿದ್ದ. ಮಕ್ಕಳಿಬ್ಬರು ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಹೇಳಿ ಮಹಡಿ ಹತ್ತುತ್ತಿದ್ದರು.

ಹೋದ ಎರಡನೇ ವಾರ ಮಗಳ ಜೊತೆ ಡಾಕ್ಟರ ಹತ್ತಿರ ಹೋದೆ. ಅವಳಿಗೆ ಮೂವತ್ತೊಂಬತ್ತು. ಬಿಪಿ ಏರಿತ್ತು, ಸಕ್ಕರೆ ಅಂಚಿನಲ್ಲಿತ್ತು. ಡಾಕ್ಟರಮ್ಮ ಅವಳ ಅಪ್ಪನ ವಿಷಯ ಕೇಳಿದರು. ನಲವತ್ತೆರಡಕ್ಕೆ ಹೃದಯ ನಿಂತು ಹೋದರು ಎಂದು ಮಗಳು ಹೇಳಿದಾಗ ಆ ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಮೂರು ತಿಂಗಳು ಟೈಮು ಕೊಡುತ್ತೇನೆ, ವ್ಯಾಯಾಮ ಮಾಡಿ ಇಳಿಸಿಕೊಂಡು ಬಾ, ಇಳಿಯದಿದ್ದರೆ ಮಾತ್ರೆ ಎಂದರು. ನರ್ಸು ಒಂದು ಹಾಳೆ ಕೊಟ್ಟು ವಿವರಿಸಿದ್ದನ್ನು ಮಗಳು ನನಗೆ ಕನ್ನಡದಲ್ಲಿ ಹೇಳಿದಳು. ಎದೆ ಬಡಿತ ನಿಮಿಷಕ್ಕೆ ನೂರ ಹತ್ತು ದಾಟಬೇಕು, ಅರ್ಧ ಗಂಟೆ ಅಲ್ಲೇ ಇರಬೇಕು, ವಾರಕ್ಕೆ ಐದು ದಿನ. ವ್ಯಾಯಾಮ ಮಾಡುವಾಗ ಮಾತಾಡಲು ಆಗಬೇಕಂತೆ, ಹಾಡಲು ಆಗಬಾರದಂತೆ. ಹಾಡಲು ಆದರೆ ಅದು ವ್ಯಾಯಾಮವೇ ಅಲ್ಲವಂತೆ. ನಮ್ಮವ್ವ ರಾಗಿ ಬೀಸುತ್ತಾ ಹಾಡಿಕೊಂಡೇ ಇರುತ್ತಿದ್ದಳು. ಅವಳ ರಟ್ಟೆ ನೋಡಿದ್ದರೆ ಈ ನರ್ಸು ಏನು ಹೇಳುತ್ತಿದ್ದಳೋ. ಅದಿರಲಿ, ಲೆಕ್ಕ ನನಗೆ ಅರ್ಥವಾಯಿತು. ನೂರ ಹತ್ತು.

ಮನೆಯ ಬೇಸ್‌ಮೆಂಟಿನಲ್ಲಿ ಓಡುವ ಮೆಷಿನ್ ಇತ್ತು. ಅದರ ಕೈಹಿಡಿಯ ಮೇಲೆ ಹೊದಿಕೆ ಒಣಗುತ್ತಿತ್ತು. ನಾನು ಹೊದಿಕೆ ತೆಗೆದು ಧೂಳು ಒರೆಸಿ ಇಟ್ಟೆ. ಮಗಳು ಎರಡು ದಿನ ಹತ್ತಿದಳು. ಮೂರನೇ ದಿನ ಮಂಡಿ ನೋವು. ಹೊರಗೆ ನಡೆಯೋಣವೆಂದರೆ ಹಿಮ, ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ. ಮಾಲ್ ಒಳಗೆ ನಡೆಯಲು ಹೋದವಳು ಮೂರು ಚೀಲ ತುಂಬಿಕೊಂಡು ಬಂದಳು. ಹೀಗೆ ಮೂರು ವಾರ ಕಳೆದ ಮೇಲೆ ಒಂದು ದಿನ ಅಡುಗೆಮನೆಯಲ್ಲಿ ಹೇಳಿದಳು:

"ಅಮ್ಮ, ನಾನು ಬೆಲ್ಲಿ ಡ್ಯಾನ್ಸ್ ಕ್ಲಾಸಿಗೆ ಸೇರ್ಕೊಂಡೆ."

"ಅದೇನೇ ಅದು?"

"ಅರಬ್ಬರ ಕಡೆ ಡ್ಯಾನ್ಸು. ಹೊಟ್ಟೆ, ಸೊಂಟ ಆಡಿಸೋದು. ತುಂಬಾ ಒಳ್ಳೆ ಕಾರ್ಡಿಯೋ ಅಂತೆ."

"ಕಾರ್ಡಿಯೋ ಅಂದ್ರೆ ಎದೆ ಕಣೇ. ನೀನು ಆಡ್ಸೋದು ಹೊಟ್ಟೆ."

"ಹೊಟ್ಟೆ ಆಡಿಸಿದ್ರೆ ಎದೆ ಬಡಿತ ಜಾಸ್ತಿ ಆಗುತ್ತಮ್ಮ."

"ಮಹಡಿ ಮೆಟ್ಟಿಲು ಹತ್ತು ಸಲ ಹತ್ತಿ ಇಳಿ, ಅದಕ್ಕೂ ಆಗುತ್ತೆ."

"ನಿನಗೆ ಎಲ್ಲಾದ್ರಲ್ಲೂ ಬಕೆಟ್ಟು, ಮೆಟ್ಟಿಲೇ ಕಾಣೋದು" ಎಂದು ಮುಖ ತಿರುಗಿಸಿಕೊಂಡಳು.

ಜೊತೆಗೆ ಹೋಗಲೇಬೇಕೆಂದು ನಾನು ಆಗಲೇ ತೀರ್ಮಾನ ಮಾಡಿದೆ. ನಾಚಿಕೆಗೇಡಿನ ಕುಣಿತವೋ ಏನೋ ಎಂಬ ಚಿಂತೆಯಿಂದಲ್ಲ. ಹೆರಿಗೆ ವಾರ್ಡಿನಲ್ಲಿ ಮೂವತ್ತೊಂದು ವರ್ಷ ಇದ್ದವಳಿಗೆ ಹೊಟ್ಟೆ ಕಂಡರೆ ಏನೂ ಅನ್ನಿಸುವುದಿಲ್ಲ. ನನಗೆ ಬೇಕಾಗಿದ್ದದ್ದು ನೂರ ಹತ್ತು.

ಕ್ಲಾಸು ನಡೆಯುತ್ತಿದ್ದದ್ದು ಹುಬ್ಬಳ್ಳಿಯ ಒಬ್ಬ ಸಾಬರ ಮನೆಯ ಬೇಸ್‌ಮೆಂಟಿನಲ್ಲಿ, ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ. ಗಂಡ ಹೆಂಡತಿ ಸೇರಿ ದಿನಸಿ ಅಂಗಡಿ ಇಟ್ಟಿದ್ದರು. ಆ ಹೆಂಗಸು ಎತ್ತರಕ್ಕೆ, ದಪ್ಪಕ್ಕೆ, ನಗುವಿಗೆ ಎಲ್ಲಕ್ಕೂ ಧಾರಾಳ. ಕ್ಲಾಸಿನ ದಿನ ಗಂಡನನ್ನು ಅಂಗಡಿಗೆ ಅಟ್ಟಿ, ಬೇಸ್‌ಮೆಂಟಿನ ಸಣ್ಣ ಕಿಟಕಿಗೆ ಬೆಡ್‌ಶೀಟು ಅಂಟಿಸಿ, ಹೆಂಗಸರನ್ನು ಮಾತ್ರ ಒಳಗೆ ಬಿಡುತ್ತಿದ್ದಳು. ಒಂಬತ್ತು ಜನ ಬರುತ್ತಿದ್ದರು. ಅರ್ಧ ಅವಳ ಕಡೆಯವರು, ಅರ್ಧ ನಮ್ಮ ಬೆಂಗಳೂರು ಮೈಸೂರಿನವರು. ಎಲ್ಲರೂ ಪ್ಯಾಂಟಿನ ಮೇಲೆ ಬಿಲ್ಲೆಗಳು ಗಿಲಗಿಲ ಎನ್ನುವ ಒಂದು ವಸ್ತ್ರ ಕಟ್ಟಿಕೊಂಡು ನಿಂತಿದ್ದರು. ಕಲಿಸುವವಳು ಅರಬ್ಬರೇ ತುಂಬಿರುವ ಪಕ್ಕದ ಊರು ಡಿಯರ್‌ಬಾರ್ನ್‌ನಿಂದ ಬರುತ್ತಿದ್ದ ಲೆಬನಾನಿನ ಹೆಂಗಸು. ಐವತ್ತೈದರ ಮೇಲಿದ್ದಳು. ಮೊಮ್ಮಕ್ಕಳಿದ್ದರು. ಸೊಂಟ ಮಾತ್ರ ಬೇರೆ ಯಾರದೋ ಎನ್ನುವ ಹಾಗೆ ತಿರುಗುತ್ತಿತ್ತು.

"ಬರ್ರೀ ಅಮ್ಮಾರ, ನೀವೂ ಒಂದ್ ಪಟ್ಟಿ ಕಟ್ಕೋರಲಾ" ಎಂದಳು ಹುಬ್ಬಳ್ಳಿಯವಳು.

"ನನ್ನ ಸೊಂಟ ಮೂವತ್ತು ವರ್ಷ ಬಕೆಟ್ ಎತ್ತಿದೆ ಕಣಮ್ಮ. ಅದಕ್ಕೀಗ ರಜ. ನೀವು ಕುಣೀರಿ, ನಾನು ಎಣಿಸ್ತೀನಿ."

"ಏನ್ ಎಣಸ್ತೀರಿ?"

"ನಾಡಿ."

"ಅಯ್ಯ, ಮೊದಲ ನನ್ನದು ಎಣಸ್ರೀ, ಅದೈತೋ ಇಲ್ಲೋ ನೋಡೂಣು!" ಎಂದು ಕೈ ಚಾಚಿದಳು.

ಮೊದಲ ದಿನದ ಲೆಕ್ಕ ನನಗೆ ಈಗಲೂ ನೆನಪಿದೆ. ಮಗಳದು ನೂರ ಇಪ್ಪತ್ತನಾಲ್ಕು. ಹುಬ್ಬಳ್ಳಿಯವಳದು ನೂರ ಮೂವತ್ತೆರಡು. ಇಬ್ಬರೂ ಬೆವೆತು ನೀರಾಗಿದ್ದರು. ಒಂದು ಹೆಜ್ಜೆಯೂ ಸರಿ ಬರದೆ ಎಡಕ್ಕೆ ಹೋಗಬೇಕಾದವರು ಬಲಕ್ಕೆ ಹೋಗಿ ಡಿಕ್ಕಿ ಹೊಡೆದುಕೊಂಡಿದ್ದರು. ಪರವಾಗಿಲ್ಲ, ಕೆಲಸ ಆಗುತ್ತಿದೆ, ಉಳಿದ ನಾಲ್ಕು ದಿನ ಮನೆಯಲ್ಲಿ ಹೀಗೇ ಕುಣಿದರಾಯಿತು ಎಂದುಕೊಂಡೆ. ಕಾರಿನಲ್ಲಿ ಮಗಳಿಗೆ ಹೇಳಿದೆ ಕೂಡ, ಒಳ್ಳೆಯದೇ ಕಣೆ ಇದು ಎಂದು. ಆ ಮಾತನ್ನು ಅವಳು ಮುಂದೆ ಎರಡು ತಿಂಗಳು ನನ್ನ ಬಾಯಿ ಮುಚ್ಚಿಸಲು ಬಳಸಿದಳು.

ಮೊದಲ ತೊಂದರೆ ತಿಂಡಿಯದು. ಮನೆಗೆ ಬಂದವರನ್ನು ಬರಿ ಹೊಟ್ಟೆಯಲ್ಲಿ ಕಳಿಸಿ ಹುಬ್ಬಳ್ಳಿಯವಳಿಗೆ ಗೊತ್ತಿಲ್ಲ. ಕುಣಿತ ಅರ್ಧ ಗಂಟೆ ಆಗುತ್ತಿದ್ದ ಹಾಗೆ ಮೇಲಿನಿಂದ ಮೆಣಸಿನಕಾಯಿ ಬಜ್ಜಿ, ಮಂಡಕ್ಕಿಯ ಗಿರಮಿಟ್ಟು, ಹಾಲು ಸಕ್ಕರೆ ಸುರಿದ ಚಹಾ ಇಳಿಯುತ್ತಿತ್ತು.

"ಲೇ ತಾಯಿ, ಇವ್ರು ಕರಗ್ಸೋಕೆ ಬಂದಿರೋರು, ತುಂಬಿಸ್ತಿದೀಯಲ್ಲ" ಎಂದೆ.

"ತಿನ್ಲಿ ಬಿಡ್ರೀ ಅಮ್ಮಾರ, ಕುಣದ್ರ ಕರಗತೈತಿ."

"ಕುಣಿಯೋದು ಮುಗೀತಲ್ಲ!"

"ಇನ್ನೂ ಅರ್ಧ ತಾಸೈತಿ ಅಲ್ರೀ."

ಆ ಅರ್ಧ ಗಂಟೆಯಲ್ಲಿ ಯಾರು ಕುಣಿಯುತ್ತಾರೆ? ಬಜ್ಜಿ ತಿಂದ ಹೊಟ್ಟೆ ಆಡಿಸಿದರೆ ಬಜ್ಜಿಯೇ ಬರುತ್ತದೆ. ಕಲಿಸುವವಳೇ ನಾಲ್ಕು ಬಜ್ಜಿ ತಿಂದು ಕೂತಿರುತ್ತಿದ್ದಳು. ನರ್ಸಿನ ಹಾಳೆಯಲ್ಲಿ ನಿಲ್ಲಿಸದೆ ಅರ್ಧ ಗಂಟೆ ಎಂದಿತ್ತು. ಇವರು ಹತ್ತು ನಿಮಿಷ ಕುಣಿದು ಐದು ನಿಮಿಷ ನಕ್ಕು, ತಡವಾಗಿ ಬಂದವಳನ್ನು ಮಾತಾಡಿಸಲು ಮತ್ತೆ ನಿಂತು, ಅವಳ ಮಗುವಿನ ನೆಗಡಿ ವಿಚಾರಿಸಿ, ಆಮೇಲೆ ಮುಂದುವರಿಸುತ್ತಿದ್ದರು. ಬಂದವಳನ್ನು ಮಾತಾಡಿಸದೆ ಕುಣಿಯುತ್ತಾ ಇರುವುದು ನಮ್ಮವರ ಕೈಲಿ ಆಗುವ ಕೆಲಸವಲ್ಲ.

ಎರಡನೆಯ ತೊಂದರೆ ಮಗಳೇ. ಅವಳು ಒಂದನೇ ಕ್ಲಾಸಿನಿಂದ ಮೊದಲನೆಯವಳಾಗಿಯೇ ಬಂದವಳು. ಹಾಗೆ ಬೆಳೆಸಿದ್ದೂ ನಾನೇ. ಪರೀಕ್ಷೆಯಲ್ಲಿ ಎರಡನೆಯವಳಾದರೆ ಊಟ ಬಿಡುತ್ತಿದ್ದಳು, ನಾನೂ ಉಣ್ಣು ಎನ್ನುತ್ತಿರಲಿಲ್ಲ. ಆ ರೋಗ ಇಲ್ಲಿಗೂ ಬಂತು. ಸಂಜೆ ಆಫೀಸಿನಿಂದ ಬಂದವಳು ಕನ್ನಡಿಯ ಮುಂದೆ ನಿಂತು ಸೊಂಟ ಮಾತ್ರ ಆಡಿಸಿ ಭುಜ ಅಲುಗದ ಹಾಗೆ ಅಭ್ಯಾಸ ಮಾಡುವಳು. ಒಂದು ದಿನ ಕೋಣೆಗೆ ಹೋದರೆ ನೆಲದ ಮೇಲೆ ಅಂಗಾತ ಮಲಗಿದ್ದಳು. ಹೊಟ್ಟೆಯ ಮೇಲೆ ನಾಣ್ಯಗಳನ್ನು ಸಾಲಾಗಿ ಇಟ್ಟುಕೊಂಡು, ಹೊಟ್ಟೆಯನ್ನು ಅಲೆಯ ಹಾಗೆ ಆಡಿಸಿ ಅವನ್ನು ಒಂದೊಂದಾಗಿ ಮಗುಚುತ್ತಿದ್ದಳು.

"ಏನೇ ಇದು?"

"ಮಾತಾಡ್ಸಬೇಡ, ಮೂರು ಮಗುಚಿದೀನಿ."

ಮಣಿಕಟ್ಟು ಹಿಡಿದೆ. ಎಪ್ಪತ್ತಾರು.

"ಮಲಗಿರೋ ಬಾಣಂತಿಗೂ ಇಷ್ಟೇ ಇರುತ್ತೆ ಕಣೇ. ಮಲಗಿಕೊಂಡು ಮಾಡೋ ವ್ಯಾಯಾಮ ನಾನು ಎಲ್ಲೂ ಕೇಳಿಲ್ಲ."

"ಇದು ಮಸಲ್ ಕಂಟ್ರೋಲ್ ಅಮ್ಮ. ಕ್ಲಾಸಲ್ಲಿ ಯಾರಿಗೂ ಬರಲ್ಲ, ನನಗೆ ಮಾತ್ರ ಬರೋದು."

ಎರಡನೇ ತಿಂಗಳ ಹೊತ್ತಿಗೆ ಅವಳು ಮುಂದಿನ ಸಾಲಿನ ನಡುವೆ ನಿಂತಳು. ಲೆಬನಾನಿನವಳು ಎಲ್ಲರಿಗೂ ಇವಳನ್ನೇ ತೋರಿಸುವಳು. ಮಗಳ ಮುಖ ಹಿಗ್ಗುವುದು. ನನ್ನ ಲೆಕ್ಕ ಮಾತ್ರ ಇಳಿಯುತ್ತಾ ಹೋಯಿತು. ನೂರ ಇಪ್ಪತ್ತನಾಲ್ಕು ಇದ್ದದ್ದು ನೂರ ಎಂಟಾಯಿತು. ಆಮೇಲೆ ನೂರು. ಆಮೇಲೆ ತೊಂಬತ್ತೆರಡು. ಹಿಂದಿನ ಸಾಲಿನಲ್ಲಿ ಇನ್ನೂ ಎಡಬಲ ತಿಳಿಯದೆ ಒದ್ದಾಡುತ್ತಿದ್ದ ಹುಬ್ಬಳ್ಳಿಯವಳದು ಅದೇ ನೂರ ಮೂವತ್ತೆರಡು.

ನನಗೆ ಯಾಕೋ ಅನುಮಾನ ಬಂದು ಒಂದು ಶನಿವಾರ ಕಲಿಸುವವಳ ಕೈಯನ್ನೇ ಹಿಡಿದೆ. ಅರ್ಧ ಗಂಟೆ ಕುಣಿದು ಕುಣಿಸಿ ನಿಂತವಳು. ಎಂಬತ್ತು. ಆಗ ಗೊತ್ತಾಯಿತು. ವಾರ್ಡಿಗೆ ಹೊಸದಾಗಿ ಬಂದ ಆಯಾ ಒಂದು ಸಾಲು ನೆಲ ಒರೆಸುವಷ್ಟರಲ್ಲಿ ಏದುಸಿರು ಬಿಡುತ್ತಿದ್ದಳು. ನಾನು ಮೂರು ವಾರ್ಡು ಒರೆಸಿ ತಣ್ಣಗೆ ಇರುತ್ತಿದ್ದೆ. ನನ್ನಲ್ಲಿ ಹೆಚ್ಚು ಬಲ ಇತ್ತು ಎಂದಲ್ಲ. ಎಷ್ಟು ಬೇಕೋ ಅಷ್ಟೇ ಮೈ ಬಗ್ಗಿಸಲು ಕಲಿತಿದ್ದೆ. ಈ ಕುಣಿತವೂ ಹಾಗೆಯೇ. ಒಂದು ಅಂಗ ಆಡಿಸಿ ಉಳಿದದ್ದನ್ನು ಅಲುಗಾಡಿಸದೆ ಇರುವುದೇ ಅದರ ಜಾಣತನ. ನನ್ನ ಮಗಳು ಜಾಣೆಯಾದಷ್ಟೂ ಅವಳ ಹೃದಯ ಕೆಲಸ ಕಡಿಮೆ ಮಾಡುತ್ತಿತ್ತು.

ಇದನ್ನು ಹೇಳಿದರೆ ಅವಳು ಕೇಳಬೇಕಲ್ಲ.

"ಚೆನ್ನಾಗಿ ಮಾಡಬೇಡ ಅಂತೀಯಾ? ಯಾವ ತಾಯಿ ಹೀಗೆ ಹೇಳ್ತಾಳೆ?"

"ಎದೆ ಹೊಡ್ಕೊಳ್ಳೋ ಹಾಗೆ ಮಾಡು ಅಂತೀನಿ. ಚೆನ್ನಾಗಾದರೂ ಮಾಡು, ಕೆಟ್ಟದಾಗಾದರೂ ಮಾಡು."

ಅಷ್ಟರಲ್ಲಿ ಯುಗಾದಿ ಹತ್ತಿರ ಬಂತು. ಯುಗಾದಿ ಎಂದರೆ ಅಲ್ಲಿ ಕನ್ನಡ ಸಂಘದವರ ಕಾರ್ಯಕ್ರಮ, ಒಂದು ಸ್ಕೂಲಿನ ಹಾಲಿನಲ್ಲಿ. ಕ್ಲಾಸಿನ ನಾಲ್ವರು ಹೆಸರು ಕೊಟ್ಟರು, ಮಗಳು ಮುಂದಾಳು. ಸಂಘದ ಅಂಕಲ್ ಒಬ್ಬರು ಫೋನು ಮಾಡಿದರು. ಮಗಳು ಅಡುಗೆಮನೆಯಲ್ಲಿ ಸ್ಪೀಕರಿಗೆ ಹಾಕಿ ಮಾತಾಡುತ್ತಿದ್ದುದರಿಂದ ನನಗೂ ಕೇಳಿಸಿತು.

"ನಮಗೇನೂ ಅಭ್ಯಂತರ ಇಲ್ಲಮ್ಮ. ಆದರೆ ಫ್ಯಾಮಿಲಿ ಪ್ರೋಗ್ರಾಂ ನೋಡು, ಹಿರಿಯರೆಲ್ಲ ಮುಂದಿನ ಸಾಲಲ್ಲೇ ಕೂತಿರ್ತಾರೆ. ಸೀರೆ ಉಟ್ಕೊಂಡು ಮಾಡೋಕಾಗಲ್ವಾ?"

"ಆಗುತ್ತೆ ಅಂಕಲ್."

"ಸೆರಗು ಸುತ್ತ ಬಿಗಿಯಾಗಿ ಸಿಕ್ಕಿಸ್ಕೊಂಡ್ರೆ ಹೊಟ್ಟೆ ಕಾಣಲ್ಲ ಅಲ್ವಾ? ಹೆಸರೂ ದೀಪ ನೃತ್ಯ ಅಂತ ಹಾಕೋಣ."

ಹೊಟ್ಟೆ ಕಾಣದ ಹೊಟ್ಟೆ ಕುಣಿತ! ಅರಬ್ಬರ ಕಡೆ ಮದುವೆಯಲ್ಲಿ ತಲೆಯ ಮೇಲೆ ಮೇಣದ ಬತ್ತಿಯ ಸ್ಟ್ಯಾಂಡು ಇಟ್ಟುಕೊಂಡು ಕುಣಿಯುವುದು ಇದೆಯಂತೆ. ಇವರು ಅದನ್ನು ತೆಗೆದು ಆರತಿ ತಟ್ಟೆ ಮಾಡಿದರು. ತಟ್ಟೆ ಬೀಳಬಾರದು, ದೀಪ ಆರಬಾರದು, ಸೀರೆ ಜರುಗಬಾರದು, ಹೊಟ್ಟೆ ಕಾಣಬಾರದು. ಇನ್ನು ಕುಣಿಯುವುದು ಏನು? ರೇಷನ್ ಅಂಗಡಿಯ ಕ್ಯೂನಲ್ಲಿ ಮುಂದೆ ಸರಿದ ಹಾಗೆ ಸರಿಯುತ್ತಿದ್ದರು. ಆ ಒಂದು ಐಟಂಗಾಗಿ ವಾರ ವಾರ ಇಡೀ ಗಂಟೆ ಹೋಗುತ್ತಿತ್ತು. ಗಂಡಸರ ಮುಂದೆ ವೇದಿಕೆ ಹತ್ತುವುದಿಲ್ಲ ಎಂದು ಹುಬ್ಬಳ್ಳಿಯವಳೂ ಅವಳ ಕಡೆಯವರೂ ಹಿಂದೆ ಸರಿದರು. ಕುಣಿಯಲು ಜಾಗವಿಲ್ಲದೆ ಮೂಲೆಯಲ್ಲಿ ಕೂತು ಇವರನ್ನು ನೋಡುತ್ತಿದ್ದರು. ಅವರ ನಾಡಿಯೂ ಇಳಿದು ಹೋಯಿತು.

ಒಂದು ಶನಿವಾರ ಅಭ್ಯಾಸ ಮುಗಿದ ಕೂಡಲೇ ನಾನು ಎದ್ದು ಹೋಗಿ ಮಗಳ ಕೈ ಹಿಡಿದು ಗಡಿಯಾರ ನೋಡಿದೆ. ತಲೆಯ ಮೇಲೆ ತಟ್ಟೆ ಇನ್ನೂ ಇತ್ತು. ಎಲ್ಲರೂ ನೋಡುತ್ತಿದ್ದರು.

"ಎಂಬತ್ತನಾಲ್ಕು" ಎಂದೆ ಜೋರಾಗಿ. "ನಾನು ಕುರ್ಚೀಲಿ ಕೂತಿದ್ದೆ, ನಂದೇ ಎಂಬತ್ತೆಂಟು ಇದೆ."

ಎಲ್ಲರೂ ನಕ್ಕರು. ಮಗಳು ನಗಲಿಲ್ಲ. ತಟ್ಟೆ ಇಳಿಸಿ, ಕೋಟು ಹಾಕಿಕೊಂಡು, ಹೋಗಿ ಕಾರಿನಲ್ಲಿ ಕೂತಳು. ಹೈವೇಯಲ್ಲಿ ನಾವು ಇಳಿಯಬೇಕಾದ ಎಕ್ಸಿಟ್ ದಾಟಿ ಹೋಯಿತು. ಆಗ ಬಾಯಿ ಬಿಟ್ಟಳು.

"ಎಲ್ಲರ ಮುಂದೆ ನನ್ನ ಕೈ ಹಿಡಿದು ಪೇಷಂಟ್ ಥರ ನಿಲ್ಲಿಸ್ತೀಯಲ್ಲ, ನಿನಗೆ ಏನನ್ಸುತ್ತೆ?"

"ಪೇಷಂಟೇ ಅಲ್ವೇನೇ?"

"ಅಲ್ಲ! ವಾರ ಪೂರ್ತಿ ನನಗೆ ಅದೇ ಯೋಚನೆ ಅಮ್ಮ. ಅಪ್ಪಂಗೆ ನಲವತ್ತೆರಡು, ನನಗೆ ಮೂವತ್ತೊಂಬತ್ತು. ಇನ್ನು ಮೂರು ವರ್ಷ. ಮೀಟಿಂಗಲ್ಲಿ ಕೂತಾಗಲೂ ಅದೇ. ಆ ತಟ್ಟೆ ಇಟ್ಕೊಂಡಾಗ ಒಂದು ಗಂಟೆ ಅದು ತಲೇಲಿ ಇರಲ್ಲ. ಅದನ್ನೂ ಕಿತ್ಕೊಬೇಡ."

"ತಲೇಲಿ ಇಲ್ದಿದ್ರೆ ಬಿಪಿ ಇಳಿಯುತ್ತಾ?"

"ಇಳಿಯುತ್ತೆ. ನೋಡ್ತಿರು."

ಅಷ್ಟು ಭಯ ಇಟ್ಟುಕೊಂಡಿದ್ದಾಳೆ ಎಂದು ನನಗೆ ಗೊತ್ತಿರಲಿಲ್ಲ. ಭಯ ಇಲ್ಲದ್ದಕ್ಕೆ ಹೀಗೆ ಆಟವಾಡುತ್ತಿದ್ದಾಳೆ ಎಂದುಕೊಂಡಿದ್ದೆ. ಗೊತ್ತಾದ ಮೇಲೂ ನನ್ನ ಸಿಟ್ಟು ಇಳಿಯಲಿಲ್ಲ, ಇನ್ನೂ ಹೆಚ್ಚಾಯಿತು. ಭಯ ಇದ್ದವಳು ಬೆವರು ಸುರಿಸಬೇಕು. ದೀಪ ಆರದ ಹಾಗೆ ನಡೆದರೆ ಆಗುತ್ತದೆಯೇ?

ಮೂರು ತಿಂಗಳ ಗಡುವು ಯುಗಾದಿ ಕಾರ್ಯಕ್ರಮಕ್ಕಿಂತ ಎರಡು ವಾರ ಮೊದಲೇ ಬಂತು. ರಕ್ತ ಕೊಟ್ಟು ಬಂದಳು. ಆಮೇಲೆ ಇಬ್ಬರೂ ಹೋದೆವು. ಸಕ್ಕರೆ ಒಂದಿಷ್ಟು ಇಳಿದಿತ್ತು. ರಾತ್ರಿ ಅನ್ನ ಬಿಡಿಸಿ ನಾನು ಮುದ್ದೆ ಹಾಕುತ್ತಿದ್ದೆ, ಅದಕ್ಕೇ ಇರಬೇಕು. ಬಿಪಿ ಇದ್ದಲ್ಲೇ ಇತ್ತು, ಒಂದೆರಡು ಹೆಚ್ಚೇ. ಡಾಕ್ಟರಮ್ಮ ವ್ಯಾಯಾಮ ಮಾಡಿದೆಯಾ ಎಂದು ಕೇಳಿದರು. ಮಗಳು ಬೆಲ್ಲಿ ಡ್ಯಾನ್ಸ್ ವಿಷಯ ಹೇಳಿದಳು. ಡಾಕ್ಟರಮ್ಮ ಖುಷಿಯಾಗಿ, ಎದೆ ಬಡಿತ ಎಷ್ಟರ ತನಕ ಹೋಗುತ್ತದೆ ಎಂದರು.

"ಏಯ್ಟಿ ಫೋರ್" ಎಂದೆ ನಾನು. ನನ್ನ ಇಂಗ್ಲಿಷ್ ಅಷ್ಟಕ್ಕೆ ಸಾಕಾಗಿತ್ತು.

ಡಾಕ್ಟರಮ್ಮ ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿ ಮಾತ್ರೆ ಬರೆದರು. ದಿನಕ್ಕೆ ಒಂದು. ಕುಣಿತ ಬಿಡಬೇಡ, ಆದರೆ ಉಸಿರು ಏರುವ ಹಾಗೆ ಕುಣಿ ಎಂದರು.

ಮಾತ್ರೆ ತೆಗೆದುಕೊಂಡು ಬಂದು ಕಾರಿನಲ್ಲಿ ಕೂತಳು. ಕಾರು ಸ್ಟಾರ್ಟ್ ಮಾಡಲಿಲ್ಲ. ಸ್ಟಿಯರಿಂಗಿಗೆ ಹಣೆ ಕೊಟ್ಟು ಅಳತೊಡಗಿದಳು.

"ಯಾಕೆ ಅಳ್ತೀಯ?"

"ಫೇಲ್ ಆದೆ. ಮಾತ್ರೆ ಶುರು ಮಾಡಿದ್ರೆ ಮುಗೀತು. ಅಪ್ಪನ ಥರಾನೇ ನಾನೂ."

ಆಗ ನಾನು ಅವಳಿಗೆ ಇಪ್ಪತ್ತೆಂಟು ವರ್ಷದಿಂದ ಹೇಳದೇ ಇದ್ದದ್ದನ್ನು ಹೇಳಿದೆ. ಮುಚ್ಚಿಟ್ಟಿದ್ದೆ ಎಂದಲ್ಲ, ಹೇಳಿ ಏನು ಪ್ರಯೋಜನ ಎಂದು ಬಿಟ್ಟಿದ್ದೆ. ಅವರಪ್ಪನಿಗೆ ಬಿಪಿ ಇದೆ ಎಂದು ಸಾಯುವುದಕ್ಕೆ ಒಂದು ವರ್ಷ ಮೊದಲೇ ಗೊತ್ತಿತ್ತು. ನಮ್ಮ ಆಸ್ಪತ್ರೆಯ ಡಾಕ್ಟರೇ ನೋಡಿ ಮಾತ್ರೆ ಕೊಟ್ಟಿದ್ದರು. ತಿಂಗಳು ತಿಂಗಳು ನಾನೇ ತಂದುಕೊಡುತ್ತಿದ್ದೆ. ನುಂಗಿದಿರಾ ಎಂದರೆ ನುಂಗಿದೆ ಎನ್ನುತ್ತಿದ್ದ. ಊರವರ ನಾಡಿಯೆಲ್ಲ ಹಿಡಿದವಳು ಅವನದನ್ನು ಒಂದು ದಿನವೂ ಹಿಡಿದು ನೋಡಲಿಲ್ಲ. ಬೆಳಿಗ್ಗೆ ಹಲ್ಲುಜ್ಜುತ್ತಾ ಬಿದ್ದವನು ಏಳಲಿಲ್ಲ. ಹನ್ನೆರಡನೇ ದಿನ ಅವನ ಟ್ರಂಕು ತೆಗೆದಾಗ ಷರಟುಗಳ ಕೆಳಗೆ ಎಲ್ಲ ಇದ್ದವು, ಪೊಟ್ಟಣ ಕಟ್ಟಿಟ್ಟ ಹಾಗೇ. ಬಿಡಿಸಿಯೂ ಇರಲಿಲ್ಲ. ಮಾತ್ರೆ ನುಂಗುವುದು ರೋಗಿಷ್ಟರು, ತಾನು ಗಟ್ಟಿ ಆಳು ಎಂದು ಅವನ ಎಣಿಕೆ.

"ನಿಮ್ಮಪ್ಪ ಸತ್ತದ್ದು ಮಾತ್ರೆ ಶುರುವಾಗಿ ಅಲ್ಲ ಕಣೇ. ನುಂಗದೆ ಸತ್ತ. ಅವನ ಥರ ಆಗಬೇಕಾ, ಅದನ್ನ ಕಿಟಕಿಯಿಂದ ಎಸಿ. ಬೇಡವಾ, ನುಂಗು."

ಅವಳು ಮೂಗು ಒರೆಸಿಕೊಂಡಳು.

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲ. ಕಾರು ತೆಗಿ, ಮಕ್ಕಳು ಸ್ಕೂಲಿಂದ ಬರೋ ಹೊತ್ತು."

ಮನೆಗೆ ಬಂದು ನನ್ನ ಎದುರಿಗೆ ನಿಂತು ಮಾತ್ರೆ ನುಂಗಿದಳು. ಬಾಯಿ ತೆರೆದು ತೋರಿಸಿದಳು, ನನ್ನನ್ನು ಅಣಕಿಸಲು. ನಾನು ನಿಜವಾಗಿಯೂ ಬಗ್ಗಿ ನೋಡಿದೆ.

ಮುಂದಿನ ಶನಿವಾರ ಕ್ಲಾಸಿಗೆ ಹೋದ ಕೂಡಲೇ ಆರತಿ ತಟ್ಟೆಯನ್ನು ಮೈಸೂರಿನ ಒಬ್ಬ ಹುಡುಗಿಯ ಕೈಗೆ ಕೊಟ್ಟಳು. ಆ ಹುಡುಗಿಗೆ ನಂಬಲು ಆಗಲಿಲ್ಲ.

"ಅಕ್ಕ, ನೀವಿಲ್ದೆ ಮಧ್ಯದಲ್ಲಿ ಯಾರು ನಿಲ್ತಾರೆ?"

"ನೀನೇ ನಿಂತ್ಕೋ. ನನಗೆ ಬೇರೆ ಕೆಲಸ ಇದೆ."

ಆಮೇಲೆ ಲೆಬನಾನಿನವಳ ಹತ್ತಿರ ಹೋಗಿ, ಎದೆ ಬಡಿತ ಏರಿಸುವಂಥದ್ದು ನಿನ್ನ ಕುಣಿತದಲ್ಲಿ ಏನೂ ಇಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅವಳು ಸೊಂಟಕ್ಕೆ ಕೈ ಇಟ್ಟುಕೊಂಡು ಜೋರಾಗಿ ಏನೋ ಅಂದಳು. ಹುಬ್ಬಳ್ಳಿಯವಳು ಬಿದ್ದು ಬಿದ್ದು ನಗುತ್ತಾ ನನಗೆ ಹೇಳಿದಳು:

"ನಾ ಮೊದಲ ಅದನ್ನ ಕಲಿಸಾಕ ಬಂದಿದ್ನಿ, ನೀವ ಎಲ್ಲಾರೂ ಕೂಡಿ ಸಾವಕಾಶ ಸಾವಕಾಶ ಅಂದ್ರಿ ಅನ್ನಾಕತ್ತಾಳ್ರೀ ಅಮ್ಮಾರ. ಖರೇನ ಐತಿ. ನಾನೂ ಅಂದಿದ್ನಿ."

ತಟ್ಟೆಯವರನ್ನು ಒಂದು ಪಕ್ಕಕ್ಕೆ ಕಳಿಸಿ, ಲೆಬನಾನಿನವಳು ಕಾರಿನಿಂದ ಒಂದು ವಾದ್ಯ ತಂದಳು. ಮಣ್ಣಿನ ಹೂಜಿಯ ತಳಕ್ಕೆ ಚರ್ಮ ಬಿಗಿದ ಹಾಗಿತ್ತು. ಅದನ್ನು ತೊಡೆಯ ಮೇಲಿಟ್ಟುಕೊಂಡು ಬಾರಿಸತೊಡಗಿದಳು. ಮಂಡಿ ಎರಡನ್ನೂ ಹಿಂದೆ ಮುಂದೆ ಬೇಗ ಬೇಗ ಆಡಿಸಿ ಸೊಂಟ ನಡುಗಿಸಬೇಕು. ನಡುಗಿಸುತ್ತಲೇ ಕೋಣೆಯ ಸುತ್ತ ನಡೆಯಬೇಕು, ಕೈ ಮೇಲೆ ಇರಬೇಕು, ವಾದ್ಯ ನಿಲ್ಲುವ ತನಕ ನಿಲ್ಲಬಾರದು. ಮಗಳು ಹಿಂದಿನ ಸಾಲಿಗೆ ಹೋಗಿ ಹುಬ್ಬಳ್ಳಿಯವಳ ಪಕ್ಕ ನಿಂತಳು. ಅವಳಿಗೆ ಇದು ಬರಲೇ ಇಲ್ಲ. ಮಂಡಿ ಆಡಿಸಿದರೆ ಕೈ ಇಳಿಯುತ್ತಿತ್ತು, ಕೈ ಎತ್ತಿದರೆ ಮಂಡಿ ನಿಲ್ಲುತ್ತಿತ್ತು. ಮೊದಲ ಸುತ್ತಿಗೇ ಮುಖ ಕೆಂಪಾಯಿತು. ಅರ್ಧ ಬೆವರಿಗೆ, ಅರ್ಧ ಅವಮಾನಕ್ಕೆ.

"ಅಕ್ಕಾರ, ನೀವು ಸೈತ ನನ್ನಂಗ ಆದ್ರಲ್ಲ!" ಎಂದು ಹುಬ್ಬಳ್ಳಿಯವಳು ಏದುಸಿರಿನಲ್ಲೇ ಕೂಗಿದಳು.

"ಸುಮ್ನಿರ್ರೀ, ಮಾತಾಡೋಕೆ... ಆಗ್ತಿಲ್ಲ."

ಮಾತಾಡಲು ಆಗಬೇಕಲ್ಲ, ನರ್ಸು ಹಾಗೆ ಹೇಳಿದ್ದಳಲ್ಲ ಎಂದು ನಾನು ಎದ್ದೆ. ನೂರ ಐವತ್ತಾರು. ಜಾಸ್ತಿಯಾಯಿತು. ಒಂದೆರಡು ನಿಮಿಷ ಬರೀ ನಡೆಸಿದೆ. ಮತ್ತೆ ಎಣಿಸಿದೆ. ನೂರ ಇಪ್ಪತ್ತೆಂಟು. ಹುಬ್ಬಳ್ಳಿಯವಳ ಅತ್ತಿಗೆ ಅಷ್ಟರಲ್ಲಿ ಬಜ್ಜಿ ತಟ್ಟೆ ಹಿಡಿದು ಮೆಟ್ಟಿಲಿಳಿದಳು. ಅದನ್ನು ಅಲ್ಲೇ ತಡೆದು ನನ್ನ ಕುರ್ಚಿಯ ಕೆಳಗೆ ಇಟ್ಟುಕೊಂಡೆ.

ಹಾಗಾದರೆ ಹೊಟ್ಟೆ ಕುಣಿತ ಎದೆಗೆ ಒಳ್ಳೆಯದೇ? ಯಾರಾದರೂ ಕೇಳಿದರೆ ನನ್ನ ಉತ್ತರ ಇಷ್ಟೇ. ಹೊಟ್ಟೆಯೊಂದನ್ನೇ ಆಡಿಸಿದರೆ ಇಲ್ಲ. ಮಂಡಿ, ಸೊಂಟ, ಕೈ ಎಲ್ಲ ಸೇರಿ, ನಿಲ್ಲಿಸದೆ, ನಿಮಗೆ ಸರಿಯಾಗಿ ಬಾರದ ಹೆಜ್ಜೆಯನ್ನು ವಾರಕ್ಕೆ ಐದು ದಿನ ಅರ್ಧ ಗಂಟೆ ಕುಣಿದರೆ ಹೌದು. ಬಂದುಬಿಟ್ಟ ಮೇಲೆ ಬೇರೆ ಹೆಜ್ಜೆ ಹುಡುಕಿಕೊಳ್ಳಬೇಕು. ಬರೆದುಕೊಟ್ಟ ಮಾತ್ರೆಯನ್ನೂ ನುಂಗಬೇಕು.

ಇದೆಲ್ಲ ಆವತ್ತು ಹೇಳಲು ಹೊತ್ತಿರಲಿಲ್ಲ. ಮಗಳು ಗೋಡೆಗೆ ಕೈ ಊರಿ ನಿಂತು, ಕೂದಲು ಹಣೆಗೆ ಅಂಟಿಕೊಂಡು, ನನ್ನನ್ನು ದುರುಗುಟ್ಟಿಕೊಂಡು ನೋಡಿದಳು.

"ಸಮಾಧಾನ ಆಯ್ತಾ ನಿನಗೆ?"

ಗಡಿಯಾರ ನೋಡಿದೆ.

"ಹನ್ನೊಂದು ನಿಮಿಷ ಆಗಿದೆ ಅಷ್ಟೇ" ಎಂದೆ. "ನಡಿ, ಮುಂದುವರಿಸು."